ಸೂಜಿಯಕ್ಕನ ಬೈಕಿನ ಫೋರ್ಕು

ರಕ್ತ ಕೊಡುವವರೆಗೆ ಒಂದು ಗುಟುಕು ಚಹಾ ಕೂಡ ಕುಡಿಯಬಾರದು ಎಂಬ ಡಾಕ್ಟರರ ಅಪ್ಪಣೆಗೆ ತಲೆಬಾಗಿ, ಹಸಿದ ಹೊಟ್ಟೆಯಲ್ಲಿ ಬೀದಿ ನೋಡುತ್ತ ಕೂತವರಿಗೆ ಮಾತ್ರ ಗೊತ್ತು, ಸೂಜಿಯಕ್ಕನ ಮೋಟಾರ್ ಸೈಕಲ್ಲಿನ ಸದ್ದು ಎಷ್ಟು ಇಂಪು ಎಂಬುದು. ಗೇಟಿನ ಮುಂದೆ ಗಾಡಿ ನಿಲ್ಲುತ್ತಿತ್ತು. ಹೆಲ್ಮೆಟ್ಟು ಕನ್ನಡಿಗೆ ನೇತುಬೀಳುತ್ತಿತ್ತು. ಮಗುವನ್ನು ಮುಂದೆ ಕೂರಿಸಿಕೊಂಡ ಹಾಗೆ ಪೆಟ್ರೋಲ್ ಟ್ಯಾಂಕಿನ ಮೇಲೆ ಬೆಲ್ಟು ಬಿಗಿದು ಕೂರಿಸಿದ್ದ ಐಸ್ ಪೆಟ್ಟಿಗೆಯನ್ನು ಬಿಚ್ಚಿಕೊಂಡು ಅವಳು ಒಳಗೆ ಬರುತ್ತಿದ್ದಳು. "ಯಾವ ಕೈ ಕೊಡ್ತೀರಿ? ನಿನ್ನೆ ಕದ್ದು ಸಿಹಿ ತಿಂದ ಕೈ ಯಾವುದೋ ಅದನ್ನೇ ಕೊಡಿ" ಎಂದು ಏನಾದರೊಂದು ಕಿಚಾಯಿಸುತ್ತಿದ್ದಳು. ಮುಖ ಆ ಕಡೆ ತಿರುಗಿಸಿ, ಹಲ್ಲು ಕಚ್ಚಿಕೊಂಡು "ಹೂಂ, ಚುಚ್ಚಿ" ಎನ್ನುವಷ್ಟರಲ್ಲಿ ಚುಚ್ಚಿ, ತೆಗೆದು, ಹತ್ತಿ ಒತ್ತಿ ಆಗಿರುತ್ತಿತ್ತು.

ಲ್ಯಾಬಿಗೆ ಫೋನು ಮಾಡುವವರು ಅವಳ ನಿಜವಾದ ಹೆಸರು ಕೇಳುತ್ತಿರಲಿಲ್ಲ. "ಆ ಸೂಜಿಯಕ್ಕನನ್ನೇ ಕಳಿಸಿ, ಬೇರೆಯವರು ಬಂದರೆ ನಾನು ಕೈ ಕೊಡಲ್ಲ" ಎನ್ನುತ್ತಿದ್ದರು. ಅವಳಿಗೆ ಸ್ವಂತ ಮನೆಯಿರಲಿಲ್ಲ, ಮೈಮೇಲೆ ಒಡವೆಯಿರಲಿಲ್ಲ, ಗಂಡ ಮಕ್ಕಳು ಎಂಬ ಗೋಜೂ ಇರಲಿಲ್ಲ. ನನ್ನ ಕೈಯಿಂದ ಯಾರಿಗೂ ನೋವಾಗುವುದಿಲ್ಲ ಎಂಬ ಹೆಮ್ಮೆಯೊಂದಿತ್ತು. ಅದೇ ಅವಳ ಆಸ್ತಿ. ನರ ಕಾಣದ ದಪ್ಪ ಕೈಯಲ್ಲೂ, ಒಣಗಿದ ಕಡ್ಡಿಯಂಥ ಮುದಿ ಕೈಯಲ್ಲೂ, ಕಣ್ಣು ಮುಚ್ಚಿ ಬೆರಳ ತುದಿಯಿಂದ ತಡವಿ ನರ ಹುಡುಕುತ್ತಿದ್ದಳು. ಸಿಕ್ಕ ಕೂಡಲೇ ಅವಳ ಮುಖದ ಮೇಲೆ ಒಂದು ಸಣ್ಣ ನಗೆ ಬರುತ್ತಿತ್ತು. ಎದುರು ಕೂತವರಿಗೆ ಅದು ಕಂಡರೆ ಅರ್ಧ ಭಯ ಅಲ್ಲೇ ಹೋಗುತ್ತಿತ್ತು.

ಅವಳ ಅಪ್ಪ ಅಚ್ಚುಕೂಟದಲ್ಲಿ ಮೊಳೆ ಜೋಡಿಸುತ್ತಿದ್ದವನು. ಸೀಸದ ಪುಟ್ಟ ಪುಟ್ಟ ಅಕ್ಷರಗಳನ್ನು ಒಂದೊಂದಾಗಿ ಆರಿಸಿ ಸಾಲು ಕಟ್ಟುವ ಕೆಲಸ. ಐವತ್ತು ದಾಟುವ ಹೊತ್ತಿಗೆ ಅವನ ಬಲಗೈ ನಡುಗಲು ಶುರುವಾಯಿತು. ಕಟ್ಟಿದ ಸಾಲು ಕೈಯಿಂದ ಜಾರಿ ನೆಲದ ಮೇಲೆ ಚೆಲ್ಲುತ್ತಿತ್ತು. ಒಂದು ದಿನ ಮಾಲೀಕ ಬಾಯಿಬಿಟ್ಟು ಏನೂ ಹೇಳದೆ ಇನ್ನೊಬ್ಬನನ್ನು ತಂದು ಅವನ ಪಕ್ಕದಲ್ಲಿ ಕೂರಿಸಿದ. ಅಪ್ಪ ಮನೆಗೆ ಬಂದು ಮೂಲೆ ಹಿಡಿದ. ಆಮೇಲೆ ಎಷ್ಟೋ ವರ್ಷ ಅವನಿಗೆ ಚಮಚದಲ್ಲಿ ಉಣಿಸಿದವಳು ಈ ಮಗಳೇ. ತಾಯಿ ಅದಕ್ಕಿಂತ ಮುಂಚೆಯೇ ಹೋಗಿದ್ದಳು, ತಮ್ಮ ಇನ್ನೂ ಚಡ್ಡಿ ಹಾಕುವ ವಯಸ್ಸಿನವನು. ಅವಳು ಲ್ಯಾಬಿನ ಕೋರ್ಸು ಮುಗಿಸಿ ಕೆಲಸಕ್ಕೆ ಸೇರಿದಳು, ತಮ್ಮನನ್ನು ದಡ ಹತ್ತಿಸಿದಳು. ಅವನು ಮೋಟಾರ್ ಸೈಕಲ್ ರಿಪೇರಿ ಕಲಿತು ಸ್ವಂತ ಅಂಗಡಿ ಹಾಕಿದಾಗ ಅವನ ಮೊದಲ ಗಿರಾಕಿಯಾಗಬೇಕೆಂದೇ ಆ ಹಳೆಯ ಗಾಡಿ ಕೊಂಡಳು. ಗಂಡಸರ ಗಾಡಿ ಓಡಿಸುತ್ತಾಳೆ ಎಂದು ಮೂಗು ಮುರಿದವರೆಲ್ಲ ಮುಂದೆ ಅದೇ ಗಾಡಿಯ ದಾರಿ ಕಾಯುತ್ತ ಹಸಿದು ಕೂರುವಂತಾಯಿತು. ಸಕ್ಕರೆ ಕಾಯಿಲೆ ಯಾರನ್ನು ಬಿಟ್ಟಿದೆ!

ಹೀಗೆ ನಡೆದುಕೊಂಡು ಹೋಗುತ್ತಿದ್ದ ಬದುಕಿನಲ್ಲಿ ಲ್ಯಾಬಿನ ಮೇಡಂ ಒಂದು ಮಧ್ಯಾಹ್ನ ಅವಳನ್ನು ಕರೆದು ಗಾಜಿನ ಕೊಳವೆಯೊಂದನ್ನು ಬೆಳಕಿಗೆ ಹಿಡಿದು ತೋರಿಸಿದರು. ರಕ್ತವನ್ನು ಯಂತ್ರದಲ್ಲಿ ತಿರುಗಿಸಿದರೆ ಮೇಲೆ ಒಣಹುಲ್ಲಿನ ಬಣ್ಣದ ತಿಳಿ ನಿಲ್ಲಬೇಕು. ಇದರಲ್ಲಿ ತಿಳಿಯೂ ಕೆಂಪಗಿತ್ತು.

"ಒಡೆದುಹೋಗಿದೆ" ಎಂದರು ಮೇಡಂ. "ನೀವು ತಂದ ರಕ್ತ ಒಡೆದಿರೋದು ಈ ತಿಂಗಳು ಇದು ಎಷ್ಟನೇ ಸಲವೋ. ಇದರಲ್ಲಿ ಪರೀಕ್ಷೆ ಮಾಡಿದ್ರೆ ಸುಳ್ಳು ವರದಿ ಬರುತ್ತೆ. ಅವರನ್ನ ಮತ್ತೆ ಚುಚ್ಚಬೇಕಾಗುತ್ತೆ."

"ದಾರಿಯಲ್ಲಿ ಕುಲುಕಿರಬೇಕು ಮೇಡಂ" ಎಂದಳು ಸೂಜಿಯಕ್ಕ. ಅವಳ ಮುಖ ಸಪ್ಪಗಾಗಿತ್ತು.

ಕುಲುಕಿದರೆ ರಕ್ತದ ಕೆಂಪು ಕಣ ಒಡೆಯುವುದು ಸುಳ್ಳಲ್ಲ. ಸೂಜಿಯನ್ನು ನರದೊಳಗೆ ಅತ್ತಿತ್ತ ಆಡಿಸಿದರೂ, ಎಳೆದಾಡಿ ತೆಗೆದರೂ ಒಡೆಯುತ್ತದೆ. ಅದೂ ಅವಳಿಗೆ ಗೊತ್ತಿತ್ತು. ಆದರೆ ತಿಳಿದದ್ದನ್ನೆಲ್ಲ ಮನುಷ್ಯ ತನ್ನ ಮೇಲೆ ಹಾಕಿಕೊಳ್ಳುವುದಿಲ್ಲವಲ್ಲ. ಗಾಡಿಯ ಮುಂದಿನ ಫೋರ್ಕು ಹಳೆಯದಾಗಿತ್ತು. ಹ್ಯಾಂಡಲ್ಲಿನಿಂದ ಮುಂದಿನ ಚಕ್ರಕ್ಕೆ ಇಳಿಯುವ ಆ ಎರಡು ಕೊಳವೆಗಳ ಒಳಗೆ ಸ್ಪ್ರಿಂಗು, ಎಣ್ಣೆ ಇರುತ್ತವೆ. ರಸ್ತೆಯ ಏಟನ್ನು ಅವು ನುಂಗಿಕೊಳ್ಳಬೇಕು. ಇವಳ ಗಾಡಿಯಲ್ಲಿ ಎಣ್ಣೆ ಸೋರಿ ಕೊಳವೆಯ ಮೇಲೆ ಜಿಡ್ಡು ಹಿಡಿದಿತ್ತು. ಬ್ರೇಕು ಹಾಕಿದರೆ ಗಾಡಿ ಮೂಗು ನೆಲಕ್ಕೆ ತಾಗಿಸುವ ಹಾಗೆ ಬಗ್ಗುತ್ತಿತ್ತು. ಗುಂಡಿಗೆ ಇಳಿದರೆ ಏಟು ನೇರ ಮೊಣಕೈಗೆ. ಪೆಟ್ಟಿಗೆ ಇರುವುದೂ ಮುಂದೆಯೇ. ಮತ್ತೆ ರಕ್ತ ಒಡೆಯದೆ ಇನ್ನೇನು? ಇತ್ತೀಚೆಗೆ ಬಲಗೈ ಆಗಾಗ ಅದುರುವುದೂ ಈ ಏಟು ತಿಂದು ತಿಂದೇ ಎಂದು ಅವಳು ತೀರ್ಮಾನಿಸಿಬಿಟ್ಟಳು. ಎರಡು ತೊಂದರೆಗೆ ಒಂದೇ ಕಾರಣ ಸಿಕ್ಕರೆ ಮನಸ್ಸಿಗೆ ಎಷ್ಟು ಹಗುರ!

ತಮ್ಮ ಒಂದು ಭಾನುವಾರ ಫೋರ್ಕು ಬಿಚ್ಚಿದ. ಸೋರುತ್ತಿದ್ದ ಸೀಲು ಬದಲಾಯಿಸಿದ, ಮಂದವಾದ ಹೊಸ ಎಣ್ಣೆ ತುಂಬಿದ, ಗಾಡಿ ಬಗ್ಗದಿರಲಿ ಎಂದು ಸ್ಪ್ರಿಂಗಿನ ಮೇಲೆ ಪೈಪಿನ ತುಂಡು ಕತ್ತರಿಸಿ ಕೂರಿಸಿದ. ಅವಳನ್ನು ಗಾಡಿಯ ಮೇಲೆ ಕೂರಿಸಿ, ಮುಂದೆ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದ. ಅದೇನು ನೋಡುತ್ತಿದ್ದಾನೋ ಎಂದು ಅವಳು ತಲೆ ಕೆಡಿಸಿಕೊಳ್ಳಲಿಲ್ಲ. ಗಾಡಿ ಬಗ್ಗುವುದೇನೋ ನಿಂತಿತು. ಆದರೆ ಈಗ ರಸ್ತೆಯ ಮೇಲಿನ ಸಣ್ಣ ಕಲ್ಲೂ ಅಂಗೈಗೆ ಬಂದು ಹೊಡೆಯತೊಡಗಿತು. ಲ್ಯಾಬಿನಲ್ಲಿ ಮತ್ತೆ ಕೆಂಪು ತಿಳಿ.

ಊರ ಹೊರಗೆ ಟೈರು ಗೋದಾಮಿನ ಹಿಂದೆ ಒಬ್ಬ ಇದ್ದ. ಒಂದು ಕಾಲದಲ್ಲಿ ರೇಸಿನ ಗಾಡಿಗಳಿಗೆ ಕೆಲಸ ಮಾಡಿದವನು. ಇಡೀ ಬೈಕಿನಲ್ಲಿ ಅವನು ಮುಟ್ಟುವುದು ಫೋರ್ಕು ಮತ್ತು ಹಿಂದಿನ ಶಾಕ್ ಅಬ್ಸಾರ್ಬರು ಮಾತ್ರ. ಪಂಕ್ಚರ್ ಹಾಕು ಎಂದರೆ ಪಕ್ಕದ ಅಂಗಡಿಯ ಕಡೆ ಕೈ ತೋರಿಸುತ್ತಿದ್ದ. ಫೋರ್ಕಿನವನು ಎಂದೇ ಅವನಿಗೆ ಹೆಸರು. ರಕ್ತ ತೆಗೆಯಲು ಹೋದ ಮನೆಯೊಂದರಲ್ಲಿ ಅವನ ವಿಷಯ ಕೇಳಿ ಬಂದ ಸೂಜಿಯಕ್ಕ ತಮ್ಮನ ಅಂಗಡಿಯಲ್ಲಿ ಮೆಲ್ಲಗೆ ಮಾತು ತೆಗೆದಳು.

ತಮ್ಮ ಮೊದಲು ನಗೆಯಾಡಿದ. "ಅವನು ಮುಂದಿನ ಚಕ್ರದ ಡಾಕ್ಟರು. ಹಾರ್ನ್ ಕೆಟ್ಟರೆ ಗಂಟಲಿನ ಡಾಕ್ಟರ್ ಹುಡುಕ್ತೀಯಾ?"

"ತಮಾಷೆ ಸಾಕು. ಒಂದ್ಸಲ ತೋರಿಸಿಕೊಂಡು ಬರ್ತೀನಿ."

"ಬೇಡ ಅಂದ್ನಲ್ಲ."

"ಯಾಕೋ?"

"ನಾನು ಸತ್ತಿದ್ದೀನಾ? ಅಂಗಡಿ ಮುಚ್ಚಿದ್ದೀನಾ?" ಅವನ ಧ್ವನಿ ಏರಿತು. "ಬೇರೆ ಯಾರ ಹತ್ರ ಬೇಕಾದ್ರೂ ಹೋಗು, ಅವನ ಹತ್ರ ಬೇಡ. ಹೋದ್ರೆ ಇನ್ಮೇಲೆ ನಿನ್ನ ಗಾಡಿ ಮುಟ್ಟಲ್ಲ ನಾನು."

"ಏನೋ ಇದು, ಸವತಿ ಬಂದ ಹಾಗೆ ಆಡ್ತಿದ್ದೀಯ!" ಎಂದು ಅವಳು ನಕ್ಕಳು. ತಮ್ಮ ನಗಲಿಲ್ಲ. ಮುಖ ಊದಿಸಿಕೊಂಡು ಸ್ಪ್ಯಾನರನ್ನು ಬಟ್ಟೆಯಿಂದ ಒರೆಸುತ್ತ ಕೂತ. ಆ ಸ್ಪ್ಯಾನರು ಆಗಲೇ ಫಳಫಳ ಹೊಳೆಯುತ್ತಿತ್ತು.

ಸೂಜಿಯಕ್ಕ ಒಂದು ವಾರ ಒದ್ದಾಡಿದಳು. ಹೋದರೆ ತಮ್ಮನ ಮನಸ್ಸು ಮುರಿಯುತ್ತದೆ. ತಾನು ಎತ್ತಿ ಬೆಳೆಸಿದ ಹುಡುಗ, ತನಗಾಗಿ ಭಾನುವಾರದ ನಿದ್ದೆ ಬಿಟ್ಟವನು. ಅಕ್ಕನೇ ಬೇರೆಯವನ ಹತ್ತಿರ ಹೋದಳಂತೆ ಎಂದು ನಾಲ್ಕು ಜನ ಆಡಿಕೊಂಡರೆ ಅವನ ಅಂಗಡಿಗೆ ಏನು ಮರ್ಯಾದೆ? ಹೋಗದಿದ್ದರೆ ತನ್ನ ಕೆಲಸಕ್ಕೇ ಸಂಚಕಾರ. ಆ ವಾರ ಮೇಡಂ ಏನೂ ಅನ್ನಲಿಲ್ಲ. ಆದರೆ ಅವಳ ಎರಡು ಬೀದಿಗಳನ್ನು ಹೊಸದಾಗಿ ಬಂದ ಹುಡುಗಿಗೆ ಕೊಟ್ಟರು. ಬಾಯಿಬಿಟ್ಟು ಹೇಳದೆ ಪಕ್ಕದಲ್ಲಿ ಇನ್ನೊಬ್ಬರನ್ನು ತಂದು ಕೂರಿಸುವ ರೀತಿ ಅವಳಿಗೆ ಹೊಸದಲ್ಲ. ಮರುದಿನವೇ ತಮ್ಮನಿಗೆ ಹೇಳದೆ ಟೈರು ಗೋದಾಮಿನ ದಾರಿ ಹಿಡಿದಳು.

ಫೋರ್ಕಿನವನು ಮಾತು ಕಡಿಮೆಯ ಮನುಷ್ಯ. ಕುಂಟುತ್ತ ಬಂದು ಗಾಡಿಯ ಸುತ್ತ ಒಂದು ಸಲ ನಡೆದ. "ಓಡಿಸೋದು ಯಾರು?"

"ನಾನೇ."

"ಹಾಗಾದ್ರೆ ಹೆಲ್ಮೆಟ್ಟು, ಪೆಟ್ಟಿಗೆ ಎಲ್ಲ ಹಿಡ್ಕೊಂಡು ಆ ತೂಕದ ಮೆಷಿನ್ ಮೇಲೆ ನಿಂತ್ಕೊಳ್ಳಿ ಮೇಡಂ."

ನಿಂತಳು. ಅವನು ಮುಳ್ಳು ನೋಡಿ ತಲೆ ಅಲ್ಲಾಡಿಸಿದ. "ಇದರೊಳಗಿನ ಸ್ಪ್ರಿಂಗು ನಿಮ್ಮಂಥ ಇಬ್ಬರನ್ನ ಹೊರೋಕೆ ಮಾಡಿದ್ದು. ಅದರ ಮೇಲೆ ಯಾರೋ ಪೈಪು ಬೇರೆ ತುರುಕಿದ್ದಾರೆ."

"ಯಾರೋ ಅಲ್ಲ, ನನ್ನ ತಮ್ಮ" ಎಂದಳು ಅವಳು ಬಿಗಿಯಾಗಿ.

"ಕೈಕೆಲಸ ನೀಟಾಗಿದೆ. ನಿಮ್ಮ ತೂಕ ಲೆಕ್ಕಕ್ಕೆ ಹಿಡಿದಿಲ್ಲ ಅಷ್ಟೆ." ಅವಳ ತೂಕಕ್ಕೆ ಒಪ್ಪುವ ಮೆತ್ತನೆಯ ಸ್ಪ್ರಿಂಗು ಹಾಕುತ್ತೇನೆ, ಒಳಗೆ ಎಣ್ಣೆ ಓಡಾಡುವ ಜಾಗಕ್ಕೆ ಹೊಸ ಕವಾಟ ಕೂರಿಸುತ್ತೇನೆ, ಆಮೇಲೆ ನೀವು ಬಂದು ಕೂತು ತೋರಿಸಬೇಕು, ಫೋರ್ಕು ಎಷ್ಟು ಇಳಿಯುತ್ತದೆ ಎಂದು ನೋಡಿ ಬಿಗಿ ಮಾಡಬೇಕು ಎಂದ. ಅಂಗಿ ಹೊಲಿಯುವವನು ಅಳತೆಗೆ ಕರೆದ ಹಾಗಿತ್ತು. ಇಷ್ಟು ವರ್ಷದಲ್ಲಿ ಯಾರೂ ಗಾಡಿಯನ್ನು ತನ್ನ ಅಳತೆಗೆ ಮಾಡಿರಲಿಲ್ಲ ಎಂದು ಅವಳಿಗೆ ಒಂದು ಥರದ ಖುಷಿಯಾಯಿತು. ಇನ್ನು ಎಲ್ಲ ಸರಿಹೋಗುತ್ತದೆ ಎಂದುಕೊಂಡಳು.

ಕೆಲಸ ಮುಗಿದ ದಿನ ಹೋದಾಗ ಬೆಳಗಿನ ಬಿಸಿಲು ಶೆಡ್ಡಿನೊಳಕ್ಕೆ ಓರೆಯಾಗಿ ಬಿದ್ದಿತ್ತು. ಫೋರ್ಕಿನವನು ಕೊಳವೆಗೆ ಒಂದು ರಬ್ಬರು ಉಂಗುರ ಸಿಕ್ಕಿಸಿ, ಅವಳನ್ನು ಕೂರಿಸಿ, ಉಂಗುರ ಎಷ್ಟು ಸರಿಯಿತೆಂದು ನೋಡಿದ. ಮೇಲಿನ ತಿರುಪನ್ನು ಒಂದಿಷ್ಟು ತಿರುಗಿಸಿದ, ಮತ್ತೆ ಕೂರಿಸಿದ.

"ಹಾಗೇ ಕೂತಿರಿ. ಅಲ್ಲಾಡಬೇಡಿ."

ಅವಳು ಅಲ್ಲಾಡಲಿಲ್ಲ. ಕೈ ಎರಡೂ ಹ್ಯಾಂಡಲ್ಲಿನ ಮೇಲೆ ಹಗುರವಾಗಿದ್ದವು. ಬಲಗಡೆಯ ಕನ್ನಡಿಗೆ ಬಿಸಿಲು ತಾಗಿ, ಎದುರಿನ ಗೋಡೆಯ ಮೇಲೆ ಅಂಗೈಯಷ್ಟು ಬೆಳಕು ಬಿದ್ದಿತ್ತು. ಆ ಬೆಳಕು ನಡುಗುತ್ತಿತ್ತು. ಸುಮ್ಮನೆ, ನಿಲ್ಲದೆ, ಒಂದೇ ಸಮನೆ ನಡುಗುತ್ತಿತ್ತು.

ಫೋರ್ಕಿನವನು ಅದನ್ನು ನೋಡಿದ. "ಎಂಜಿನ್ ಆಫ್ ಇದೆ ಅಲ್ವಾ?" ಎಂದು ತನಗೆ ತಾನೇ ಎಂಬಂತೆ ಕೇಳಿ, ಎಂಜಿನ್ನಿನ ಮೇಲೆ ಕೈಯಿಟ್ಟು ನೋಡಿದ. ಅದು ತಣ್ಣಗಿತ್ತು.

ಸೂಜಿಯಕ್ಕ ಬಲಗೈ ಎತ್ತಿದಳು. ಬೆಳಕು ನಿಂತಿತು. ಕೈಯನ್ನು ಮತ್ತೆ ಹ್ಯಾಂಡಲ್ಲಿನ ಮೇಲಿಟ್ಟಳು. ಬೆಳಕು ಮತ್ತೆ ನಡುಗತೊಡಗಿತು.

ಫೋರ್ಕಿನವನು ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಟ್ಟು ಬಹಳ ಮೆಲ್ಲಗೆ ಹೇಳಿದ. "ಫೋರ್ಕಿನಲ್ಲಿ ಇನ್ನು ಮಾಡೋಕೆ ಏನೂ ಉಳಿದಿಲ್ಲ ಮೇಡಂ. ನೀವು ಬೇರೆ ಯಾರಿಗಾದ್ರೂ ತೋರಿಸ್ಬೇಕು."

"ಹೂಂ" ಎಂದಳು ಅವಳು.

ವಾಪಸು ಬರುವ ದಾರಿಯಲ್ಲಿ ಗಾಡಿ ಎಷ್ಟು ಚೆನ್ನಾಗಿ ಓಡಿತೆಂದರೆ ಅವಳಿಗೆ ಅಳು ಬಂತು. ಪೈಪು ಹಾಕಲು ಅಗೆದು ಬಿಟ್ಟಿದ್ದ ರಸ್ತೆಯ ಮೇಲೆ ಚಕ್ರ ಇಳಿಯಿತು, ಏರಿತು. ಹ್ಯಾಂಡಲ್ಲಿಗೆ ಆ ಸುದ್ದಿಯೇ ಮುಟ್ಟಲಿಲ್ಲ. ಬ್ರೇಕು ಹಾಕಿದರೆ ಗಾಡಿ ತಲೆ ತಗ್ಗಿಸದೆ ನಿಂತಿತು. ಇಂಥ ಗಾಡಿಯ ಮೇಲೆ ಹೋಗುತ್ತ ಅವಳು ಬೇಡಿಕೊಂಡದ್ದು ಮಾತ್ರ ಬೇರೆ. ಫೋರ್ಕು ಇನ್ನೂ ಕೆಟ್ಟೇ ಇರಬಾರದಿತ್ತೇ, ಇನ್ನೊಂದು ವರ್ಷ ಅದರ ಮೇಲೆ ತಪ್ಪು ಹೊರಿಸಿಕೊಂಡು ಇರುತ್ತಿದ್ದೆನಲ್ಲ ಎಂದು. ತನ್ನ ಬಲಗೈಯನ್ನು ಅವಳು ದಾರಿಯುದ್ದಕ್ಕೂ ನೋಡಲಿಲ್ಲ. ಅಪ್ಪನ ಕೈಯನ್ನು ಅಷ್ಟು ವರ್ಷ ನೋಡಿದವಳಿಗೆ ಇದನ್ನು ನೋಡುವ ಅಗತ್ಯವೂ ಇರಲಿಲ್ಲ.

ಮಾರನೆಯ ದಿನ ಬೆಳಗ್ಗೆ ಅವಳು ಎಂದಿನಂತೆ ಹೊರಟಳು. ಒಂದು ದಿನದ ಮಟ್ಟಿಗಾದರೂ ಏನೂ ಆಗಿಲ್ಲವೆಂಬಂತೆ ಇರೋಣ ಎಂದು ಅವಳ ಆಸೆ. ಮೊದಲನೆಯದು ಹೊಲಿಗೆ ಟೀಚರ್ ಆಗಿ ನಿವೃತ್ತಳಾದ ಅಜ್ಜಿಯ ಮನೆ. ಅಜ್ಜಿ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು, ಹೆಗಲ ಮೇಲಿನ ಶಾಲನ್ನು ಸರಿಸಿ ಎಡಗೈ ಚಾಚಿದಳು. ಸೂಜಿಯಕ್ಕ ಬೆರಳಿನಿಂದ ತಡವಿದಳು. ನರ ಇದ್ದಲ್ಲೇ ಇತ್ತು, ತುಂಬಿಕೊಂಡು ಸಿದ್ಧವಾಗಿತ್ತು. ಚುಚ್ಚಿದಳು. ಸೂಜಿಯ ತುದಿ ಒಳಗೆ ಅದುರಿ ಪಕ್ಕಕ್ಕೆ ಜಾರಿತು. ತೆಗೆದು ಇನ್ನೊಂದು ಸಲ ಚುಚ್ಚಿದಳು. ರಕ್ತ ನೂಲಿನಷ್ಟು ಬಂದು ನಿಂತಿತು. ಸೂಜಿಯನ್ನು ಒಳಗೇ ತುಸು ಹೊರಳಿಸಿದಳು. ಅಜ್ಜಿಯ ತುಟಿ ಬಿಗಿಯಾಯಿತು, ಆದರೆ ಬಾಯಿಂದ ಒಂದು ಚಕಾರವೂ ಹೊರಡಲಿಲ್ಲ.

"ಇನ್ನೊಂದು ಕೈ ಕೊಡಿ ಅಜ್ಜಿ."

ಅಜ್ಜಿ ಹಿಂದೆಮುಂದೆ ನೋಡಿದಳು. "ಆ ಕೈ ಬೇಡ ಬಿಡಮ್ಮ. ಇದರಲ್ಲೇ ನೋಡು."

ಸೂಜಿಯಕ್ಕ ಶಾಲನ್ನು ತಾನೇ ಸರಿಸಿದಳು. ಬಲ ಮೊಣಕೈಯ ಮಡಿಕೆಯಲ್ಲಿ ನೇರಳೆ ಬಣ್ಣಕ್ಕೆ ತಿರುಗಿದ ಕಲೆಯಿತ್ತು. ಅದರ ಅಂಚು ಹಳದಿಯಾಗಿ ಹರಡಿತ್ತು. ಕಳೆದ ಸಲ ಚುಚ್ಚಿದ್ದು ಆ ಕೈಗೆ. ಚುಚ್ಚಿದವಳು ಇವಳೇ.

"ಇದನ್ನ ಯಾಕೆ ಹೇಳ್ಲಿಲ್ಲ ಅಜ್ಜಿ?"

"ಹೇಳೋಕೆ ಏನಿದೆ? ವಯಸ್ಸಾಯ್ತಲ್ಲ, ನನ್ನ ನರಾನೇ ಸರಿ ಇಲ್ಲ. ಲ್ಯಾಬಿನವರು ಫೋನ್ ಮಾಡಿ ಬೇರೆಯವರನ್ನ ಕಳಿಸ್ಲಾ ಅಂತ ಕೇಳಿದ್ರು. ನಿನ್ನ ಹೊಟ್ಟೆ ಮೇಲೆ ಯಾಕೆ ಹೊಡೀಬೇಕು? ಬೇಡ, ಅವಳೇ ಬರ್ಲಿ ಅಂದೆ."

ಇಷ್ಟು ದಿನ ಇನ್ನೆಷ್ಟು ಮನೆಗಳಲ್ಲಿ ಇನ್ನೆಷ್ಟು ಜನ ತೋಳು ಮುಚ್ಚಿಕೊಂಡು ತನ್ನ ಮುಖ ನೋಡಿ ನಕ್ಕಿರಬಹುದು! ಸೂಜಿಯಕ್ಕನಿಗೆ ನಾಚಿಕೆಯಾಯಿತು, ಸಂಕಟವಾಯಿತು, ಅದಕ್ಕಿಂತ ಹೆಚ್ಚಾಗಿ ಭಯವಾಯಿತು. ಅವಳು ಹತ್ತಿ ಒತ್ತಿ ಹಿಡಿದುಕೊಂಡೇ ನೆಲದ ಮೇಲೆ ಕೂತಳು.

"ನಿಮ್ಮ ನರ ಚೆನ್ನಾಗೇ ಇದೆ ಅಜ್ಜಿ" ಎಂದಳು. "ನನ್ನ ಕೈ ಸರಿ ಇಲ್ಲ."

ಆ ಮಾತನ್ನು ಅವಳು ಬಾಯಿಬಿಟ್ಟು ಆಡಿದ್ದು ಅದೇ ಮೊದಲು. ಅಜ್ಜಿ ಹತ್ತಿ ಹಿಡಿದ ಆ ಕೈಯ ಮೇಲೆ ತನ್ನ ಕೈ ಇಟ್ಟಳು. ಸೂಜಿಯಕ್ಕ ತಾನೇ ಲ್ಯಾಬಿಗೆ ಫೋನು ಮಾಡಿ, ಇವತ್ತಿನ ಉಳಿದ ಮನೆಗಳಿಗೆ ಹೊಸ ಹುಡುಗಿಯನ್ನು ಕಳಿಸಿ, ನಾಳೆ ನಾನೇ ಬಂದು ಎಲ್ಲ ಹೇಳುತ್ತೇನೆ ಎಂದು ಮೇಡಂಗೆ ತಿಳಿಸಿದಳು. ಮೇಡಂ ಯಾಕೆ ಎಂದು ಕೇಳಲಿಲ್ಲ. ಅವರಿಗೂ ಗೊತ್ತಿತ್ತೆಂದು ಕಾಣುತ್ತದೆ.

ಅಲ್ಲಿಂದ ಅವಳು ನೇರವಾಗಿ ತಮ್ಮನ ಅಂಗಡಿಗೆ ಬಂದಳು. ತಮ್ಮ ಯಾವುದೋ ಸ್ಕೂಟರಿನ ಹೊಟ್ಟೆ ಬಿಚ್ಚಿಕೊಂಡು ಕೂತಿದ್ದ. ಇವಳ ಗಾಡಿ ನಿಲ್ಲುವಾಗ ಮುಂದಿನ ಫೋರ್ಕು ಮೃದುವಾಗಿ ಇಳಿದು ಏರಿದ್ದನ್ನು ನೋಡಿದ. ಅಷ್ಟೇ ಸಾಕಾಯಿತು ಅವನಿಗೆ.

"ಹೋಗಿದ್ಯಾ ಅವನ ಹತ್ರ?"

"ಹೋಗಿದ್ದೆ ಕಣೋ. ಬೈಯ್ಯಬೇಕು ಅಂದ್ರೆ ಬೈ."

ತಮ್ಮ ಬೈಯಲಿಲ್ಲ. ಎದ್ದು ಬಂದು ಎಣ್ಣೆಗೈಯನ್ನು ಬಟ್ಟೆಗೆ ಒರೆಸಿಕೊಳ್ಳುತ್ತ, "ಏನಂದ?" ಎಂದು ಕೇಳಿದ.

"ಬೇರೆ ಯಾರಿಗಾದ್ರೂ ತೋರಿಸಿ ಅಂದ."

ತಮ್ಮನ ಮುಖ ನೋಡಿದ ಕೂಡಲೇ ಅವಳಿಗೆ ಹೊಳೆಯಿತು. ಅವನು ಆಶ್ಚರ್ಯಪಡಲಿಲ್ಲ, ಏನು ತೋರಿಸಬೇಕು ಎಂದು ಕೇಳಲೂ ಇಲ್ಲ.

"ನಿನಗೆ ಗೊತ್ತಿತ್ತಾ?"

"ಪೈಪು ತುಂಡು ಹಾಕಿದ ದಿನ" ಎಂದ ತಮ್ಮ. "ನೀನು ಗಾಡಿ ಮೇಲೆ ಕೂತಿದ್ದೆ. ಎಂಜಿನ್ ಆಫ್ ಇತ್ತು. ಬ್ರೇಕಿನ ಹಿಡಿ ಅಲ್ಲಾಡ್ತಾನೇ ಇತ್ತು. ಥೇಟ್ ಅಪ್ಪನ ಕೈ. ನಂಗೆ ಹೇಳೋಕೆ ಬಾಯಿ ಬರ್ಲಿಲ್ಲ ಅಕ್ಕ."

"ಅದಕ್ಕೇ ಅವನ ಹತ್ರ ಹೋಗ್ಬೇಡ ಅಂದ್ಯಾ?"

"ಅವನು ಓಡಿಸೋರನ್ನೇ ಗಾಡಿ ಮೇಲೆ ಕೂರಿಸಿ ನೋಡೋನು, ನಮ್ಮವನೂ ಅಲ್ಲ. ನೋಡಿದ್ರೆ ಹೇಳೇಬಿಡ್ತಾನೆ ಅಂತ ಗೊತ್ತಿತ್ತು. ಇನ್ನಷ್ಟು ದಿನ ಹೀಗೇ ಇರ್ಲಿ, ಫೋರ್ಕು ಕೆಟ್ಟಿದೆ ಅಂತಾನೇ ಅಂದ್ಕೊಂಡಿರ್ಲಿ ಅನ್ನಿಸ್ತು. ತಪ್ಪೇ ಮಾಡಿದೆ."

ಅವನ ಹೊಟ್ಟೆಕಿಚ್ಚು, ಪ್ರತಿಷ್ಠೆ ಎಂದು ತಾನು ತಿಳಿದದ್ದೆಲ್ಲ ಇದಾಗಿತ್ತೇ! ತನ್ನನ್ನು ಕಾಪಾಡಲು ಅವನು ಮುಖ ಊದಿಸಿಕೊಂಡು ಕೂತಿದ್ದ. ಕಾಪಾಡಿದಷ್ಟು ದಿನ ಅಜ್ಜಿಯಂಥವರ ತೋಳು ನೇರಳೆಯಾಗುತ್ತಿತ್ತು. ಅವಳಿಗೆ ಅವನ ಮೇಲೆ ಸಿಟ್ಟು ಬಂತು, ಸಿಟ್ಟಿನ ಬೆನ್ನಿಗೇ ಪ್ರೀತಿ ಉಕ್ಕಿತು. ಅಂಗಡಿಯ ಮುಂದಿನ ಹಳೆಯ ಸೀಟಿನ ಮೇಲೆ ಕೂತಳು. ತಮ್ಮನೂ ಪಕ್ಕದಲ್ಲಿ ಕೂತ.

"ಡಾಕ್ಟರ್ ಹತ್ರ ನಾನೇ ಕರ್ಕೊಂಡು ಹೋಗ್ತೀನಿ" ಎಂದ ಅವನು. "ಅಪ್ಪನ ಕಾಲದ ಹಾಗಲ್ಲ, ಈಗ ಒಳ್ಳೊಳ್ಳೆ ಮಾತ್ರೆ ಬಂದಿವೆಯಂತೆ."

"ಬಂದಿವೆ. ನಡುಕ ತಗ್ಗುತ್ತೆ, ನನಗೂ ಗೊತ್ತು. ಆದರೆ ಇನ್ನೊಬ್ಬರ ಕೈಗೆ ಸೂಜಿ ಹಿಡಿಯೋ ಧೈರ್ಯ ಮಾತ್ರೆಯಲ್ಲಿ ಬರಲ್ಲ ಕಣೋ." ಗಾಡಿಯ ಕಡೆ ತಿರುಗಿ ಹೇಳಿದಳು, "ಗಾಡಿ ನಿನ್ನ ಹತ್ರ ಇರ್ಲಿ. ಆದರೆ ಫೋರ್ಕನ್ನ ಅವನು ನನ್ನ ತೂಕಕ್ಕೆ ಕೂರಿಸಿದ್ದಾನೆ. ನೀನು ಕೂತರೆ ಮುಗ್ಗರಿಸುತ್ತೆ. ಹೋಗಿ ನಿನ್ನ ತೂಕಕ್ಕೆ ಬದಲಾಯಿಸ್ಕೋ. ಅವನ ಹತ್ರಾನೇ ಹೋಗು, ಒಳ್ಳೆ ಕೆಲಸಗಾರ."

"ಅದನ್ನ ನಾನು ಬದಲಾಯಿಸಲ್ಲ."

"ಬದಲಾಯಿಸ್ಬೇಕು. ಸುಮ್ಮನೆ ನಿಲ್ಲಿಸಿಟ್ಟು ತುಕ್ಕು ಹಿಡಿಸೋಕಾ ಅಷ್ಟು ಮಾಡ್ಸಿದ್ದು? ಎದ್ದು ನಿಲ್ಲು."

ತಮ್ಮ ಎದ್ದು ನಿಂತ. ಅವನ ಕಣ್ಣು ತುಂಬಿತ್ತು, ಒರೆಸಿಕೊಳ್ಳೋಣವೆಂದರೆ ಕೈಯೆಲ್ಲ ಎಣ್ಣೆ. ಸೂಜಿಯಕ್ಕ ಗಾಡಿಯಿಂದ ಕೀಲಿ ತೆಗೆದು, ಬಲಗೈಯಲ್ಲೇ ಹಿಡಿದು, ಅವನ ಅಂಗಿಯ ಜೇಬಿಗೆ ಹಾಕಲು ಹೋದಳು. ಕೀಲಿಯ ತುದಿ ಜೇಬಿನ ಅಂಚಿಗೆ ತಾಗಿ ಜಾರಿತು. ಮತ್ತೆ ಹೋದಳು, ಈ ಸಲ ಗುಂಡಿಗೆ ತಾಗಿತು. ತಮ್ಮ ಕೀಲಿಗೆ ಕೈ ಚಾಚಲಿಲ್ಲ, ಜೇಬನ್ನು ಅಗಲಿಸಿ ಹಿಡಿಯಲೂ ಇಲ್ಲ. ಉಸಿರು ಬಿಗಿಹಿಡಿದು, ಎದೆಯನ್ನು ಅವಳ ಕಡೆ ತುಸು ಬಾಗಿಸಿ, ಅವಳಿಗೆ ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಹಾಗೇ ನಿಂತ.